ಮೇಷ್ಟ್ರು ಬಿಡದ ಎಲೆಗಳು

ಮನೆಯಿಂದ,
ತಾ. 14, ಬುಧವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಕುತ್ತಿಗೆ ನೋವು ಕಡಿಮೆಯಾಯಿತೇ? ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕೆ ಕೂತು ದಿನವಿಡೀ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ರೋಗಿಗಳ ಹೆಸರು ಬರೆಯುತ್ತೀಯಲ್ಲ, ಅದರಿಂದ ಬಂದ ನೋವು ಅದು. ಡಾಕ್ಟರ ಮುಲಾಜಿಗೆ ಬೀಳದೆ, ಕಿವಿಗೆ ಹಾಕಿಕೊಳ್ಳುವುದೊಂದನ್ನು ಕೊಡಿಸಿ ಎಂದು ಬಾಯಿಬಿಟ್ಟು ಕೇಳು. ಅಳಿಯಂದಿರು ಆರೋಗ್ಯವಾಗಿದ್ದಾರೆಂದುಕೊಂಡಿದ್ದೇನೆ. ನಾನು ಇದ್ದ ಹಾಗೇ ಇದ್ದೇನೆ. ಬಲಗೈ ಮಣಿಕಟ್ಟು ಬೆಳಿಗ್ಗೆ ಏಳುವಾಗ ಮರದ ತುಂಡಿನ ಹಾಗಿರುತ್ತದೆ, ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ನನ್ನ ಮಾತು ಕೇಳುತ್ತದೆ. ವಿಶ್ರಾಂತಿ ಕೊಡಿ ಅಂದಿದ್ದರು ಡಾಕ್ಟರು. ಈಗ ಬೇಡವೆಂದರೂ ವಿಶ್ರಾಂತಿ ಸಿಕ್ಕಿದೆ, ಆ ಸುದ್ದಿ ತಿಳಿಸುವುದಕ್ಕೇ ಈ ಕಾಗದ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡೇ ನಿಮಿಷದಲ್ಲಿ ಮಾತು ಮುಗಿಸಿಬಿಡುತ್ತೇವೆ.

ನನ್ನನ್ನು ಟೀವಿ ಮೇಜಿನಿಂದ ತೆಗೆದಿದ್ದಾರೆ. ಗಾಬರಿಯಾಗಬೇಡ, ಕೆಲಸದಿಂದ ತೆಗೆದಿಲ್ಲ, ಮೇಜಿನಿಂದ ಮಾತ್ರ. ಬರುವ ಭಾನುವಾರ ಸಂಜೆ ಪೋಕರ್ ಇಸ್ಪೀಟು ಪಂದ್ಯದ ಕೊನೆಯ ದಿನವನ್ನು ತೋರಿಸುತ್ತಾರೆ. ನೀನು ನೋಡಿಯೇ ನೋಡುತ್ತೀಯ. ಟೀವಿಯಲ್ಲಿ ನನ್ನ ಮುಖ ಯಾವತ್ತೂ ಬರುವುದಿಲ್ಲ. ಎಲೆ ಹಂಚುವವನ ಮುಖ ಯಾರಿಗೆ ಬೇಕು, ಬರುವುದು ಬರೀ ಕೈಗಳು, ಅದೂ ಮೊಣಕೈಯಿಂದ ಕೆಳಗೆ. ಮದುವೆಗೆ ಮುಂಚೆ ನೀನು ಆ ಕೈ ಕಂಡ ಕೂಡಲೇ “ಅಪ್ಪನ ಕೈ ಬಂತು” ಅಂತ ಅಡುಗೆಮನೆಗೆ ಕೇಳುವ ಹಾಗೆ ಕೂಗುತ್ತಿದ್ದೆ, ನಿಮ್ಮಮ್ಮ ಸೌಟು ಹಿಡಿದುಕೊಂಡೇ ಬಂದು ನಿಲ್ಲುತ್ತಿದ್ದಳು. ಈ ಭಾನುವಾರ ಆ ಕೈಗಳು ಒಂದು ತಪ್ಪು ಮಾಡುವುದನ್ನು ನೀನು ನೋಡುತ್ತೀಯ. ಯಾರೋ ಹೇಳಿ ತಿಳಿಯುವುದಕ್ಕಿಂತ ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಮೂರನೆಯ, ಅಂದರೆ ಕೊನೆಯ ದಿನಕ್ಕೆ ಮೇಜಿನಲ್ಲಿ ನಾಲ್ವರು ಉಳಿದಿದ್ದರು. ಅದರಲ್ಲಿ ಇಬ್ಬರ ಸುದ್ದಿಯೇ ಸುದ್ದಿ. ಒಬ್ಬರು ರೇಖಾಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರು, ವಯಸ್ಸು ಎಪ್ಪತ್ತರ ಹತ್ತಿರ. ವೀಕ್ಷಕವಿವರಣೆ ಕೊಡುವ ಇಬ್ಬರು ಹುಡುಗರು ಅವರಿಗೆ ‘ಬಂಡೆ’ ಎಂದು ಹೆಸರಿಟ್ಟಿದ್ದರು. ಇನ್ನೊಬ್ಬಳು ಕೂದಲು ಕತ್ತರಿಸುವ ಕೆಲಸದವಳು, ನಿನ್ನ ವಯಸ್ಸಿನವಳೇ ಇರಬೇಕು. ಅವಳ ಹೆಸರು ‘ಕತ್ತರಿ’. ಒಬ್ಬೊಬ್ಬರಿಗೆ ಎರಡು ಎಲೆ ಕವುಚಿ ಹಂಚುತ್ತೇನೆ. ಮೇಷ್ಟ್ರು ಅವನ್ನು ಮೂಲೆ ಎತ್ತಿ ಒಮ್ಮೆ ನೋಡಿ, ಎರಡು ಬೆರಳಿನಲ್ಲಿ ನನ್ನ ಕಡೆಗೆ ತಳ್ಳಿಬಿಡುವರು. ಅಂದರೆ ಬಿಟ್ಟೆ, ಈ ಆಟ ನನಗೆ ಬೇಡ ಎಂದು. ಇಪ್ಪತ್ತು ಸಲ ಹಂಚಿದರೆ ಹತ್ತೊಂಬತ್ತು ಸಲ ಹಾಗೆಯೇ. ಕತ್ತರಿ ಎಲೆಯನ್ನು ಸರಿಯಾಗಿ ನೋಡುವ ಮೊದಲೇ ಚಿಪ್ಸ್, ಅಂದರೆ ಹಣದ ಬದಲಿನ ಬಿಲ್ಲೆಗಳನ್ನು, ಮುಂದೆ ನೂಕುವಳು. ಕೈಯಲ್ಲಿ ಏನೂ ಇಲ್ಲದಿದ್ದರೂ ಎಲ್ಲ ಇರುವವಳ ಹಾಗೆ ಎದುರಿನವರನ್ನು ದಿಟ್ಟಿಸಿ ನೋಡುವಳು. ಅವರು ಹೆದರಿ ಬಿಟ್ಟುಕೊಟ್ಟರೆ ನಡುವಿನ ಗುಡ್ಡೆ ಅವಳದು.

ಯಾವುದು ಸರಿಯಾದ ಆಟ ಅಂತ ನೀನು ಕೇಳಬಹುದು. ಇಪ್ಪತ್ತೆರಡು ವರ್ಷ ಹಂಚಿದ ಮೇಲೂ ನನಗೆ ಗೊತ್ತಿಲ್ಲ, ನಿಜ ಹೇಳಬೇಕೆಂದರೆ ಗೊತ್ತುಮಾಡಿಕೊಳ್ಳುವ ಉತ್ಸಾಹವೂ ಉಳಿದಿಲ್ಲ. ಟೀವಿಯವರಿಗೆ ಕತ್ತರಿಯಂಥವರು ಬೇಕು, ಜಾಹೀರಾತಿಗೆ ಮುಂಚೆ ಜನ ಕುರ್ಚಿಯ ತುದಿಗೆ ಬರಬೇಕಲ್ಲ. ಬಂಡೆ ಎಲೆ ತಳ್ಳುವಾಗೆಲ್ಲ ಆ ಹುಡುಗರು ಮೈಕಿನಲ್ಲಿ ಆಕಳಿಸಿದ ಹಾಗೆ ನಟಿಸುತ್ತಿದ್ದರು. ಆದರೆ ಮೇಜಿನ ಈಚೆ ಕೂತವನಿಗೆ ಬೇರೆಯದೇ ಕಾಣುತ್ತದೆ. ಕತ್ತರಿಯ ಮುಖ ಕಲ್ಲಾಗಿದ್ದಾಗ ಮೇಜಿನ ಕೆಳಗೆ ಅವಳ ಚಪ್ಪಲಿ ಪಟಪಟ ಬಡಿದುಕೊಳ್ಳುತ್ತಿರುತ್ತದೆ, ನನಗೆ ಮಾತ್ರ ಕೇಳುತ್ತದೆ. ಮೇಷ್ಟ್ರ ಸಹನೆಗೂ ಬೆಲೆ ತೆರಬೇಕು. ಈ ಆಟದಲ್ಲಿ ಸರದಿ ಬಂದಾಗ ಎಲೆ ನೋಡುವ ಮೊದಲೇ ಒಂದಿಷ್ಟು ಚಿಪ್ಸ್ ಮುಂದಿಡಲೇಬೇಕು, ಹೊತ್ತು ಹೋದ ಹಾಗೆ ಅದು ಏರುತ್ತದೆ. ಒಳ್ಳೆಯ ಎಲೆ ಬರಲಿ ಎಂದು ಕಾಯುವವನು ಸುಮ್ಮನೆ ಕೂತೇ ಸವೆಯುತ್ತಾನೆ. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವರ ಮುಂದಿನ ಗುಡ್ಡೆ ನನ್ನ ಅಂಗೈ ಎತ್ತರಕ್ಕೆ ಇಳಿದಿತ್ತು.

ನೀನು ಮೇಷ್ಟ್ರ ಪಕ್ಷ ಎಂದು ನನಗೆ ಗೊತ್ತು. ಚಿಕ್ಕವಳಿದ್ದಾಗ ಗುಂಡಿಗಳನ್ನು ಪಣವಿಟ್ಟು ಆಡುತ್ತಿದ್ದೆವಲ್ಲ, ನಿಮ್ಮಮ್ಮ ಹಲ್ಲುಕಚ್ಚಿ ಆಡುವಳು, ನಾನು ಕಳ್ಳಾಟ ಆಡುವೆ, ನೀನು ಮಾತ್ರ “ನೀವೇ ತಗೊಳ್ಳಿ” ಎಂದು ಎಲೆ ಕೆಳಗಿಟ್ಟು ಎದ್ದುಹೋಗುತ್ತಿದ್ದೆ. ಎಷ್ಟು ಸಮಾಧಾನದ ಮಗು ಎಂದು ನಾವಿಬ್ಬರೂ ಬೀಗುತ್ತಿದ್ದೆವು.

ಇನ್ನು ತಪ್ಪಿನ ವಿಷಯ. ಮೇಷ್ಟ್ರು ನನ್ನ ಬಲಗಡೆಯ ಮೊದಲ ಕುರ್ಚಿಯಲ್ಲಿದ್ದರು. ಆ ಜಾಗದಲ್ಲಿ ಆಟಗಾರರ ಎಲೆ ನನ್ನ ಕೈಗೆ ತೀರಾ ಹತ್ತಿರ. ಅದಕ್ಕೇ ಅಲ್ಲಿ ಕೂತವರು ಆಡುವ ಮನಸ್ಸಿದ್ದರೆ ಎಲೆಯ ಮೇಲೆ ಏನಾದರೂ ಭಾರ ಇಡುತ್ತಾರೆ, ನಾಣ್ಯವೋ ಬೀಗದ ಕೈಯೋ. ಮೇಷ್ಟ್ರು ತಮ್ಮ ಕನ್ನಡಕದ ಡಬ್ಬಿ ಇಡುತ್ತಿದ್ದರು. ಮಧ್ಯಾಹ್ನ ನಾಲ್ಕು ಗಂಟೆ ಇರಬೇಕು, ಆ ಕೋಣೆಗೆ ಕಿಟಕಿಯಿಲ್ಲ, ಚಹಾದ ತಳ್ಳುಗಾಡಿಯ ಸದ್ದಿನಿಂದ ಹೊತ್ತು ತಿಳಿಯಬೇಕು. ನಾನು ಕೂತು ಎರಡು ಗಂಟೆಯಾಗಿತ್ತು. ಬದಲಿ ಬರಬೇಕಾದವನು ಹೊಟ್ಟೆನೋವೆಂದು ಬಂದಿರಲಿಲ್ಲ. ಕತ್ತರಿ ತನ್ನ ಗುಡ್ಡೆಯನ್ನೆಲ್ಲ ಎರಡು ಕೈಯಿಂದ ಮುಂದೆ ನೂಕಿದಳು. ಇನ್ನಿಬ್ಬರು ಬಿಟ್ಟರು. ಉಳಿದವರು ಮೇಷ್ಟ್ರೊಬ್ಬರೇ. ಅವಳು ಎಷ್ಟಿಟ್ಟಿದ್ದಾಳೆಂದು ಸರಿಯಾಗಿ ನೋಡಲು ಅವರು ಎಲೆಯ ಮೇಲಿದ್ದ ಡಬ್ಬಿ ಎತ್ತಿ, ಒಳಗಿನ ಕನ್ನಡಕ ತೆಗೆಯುತ್ತಿದ್ದರು. ಎಲೆಗಳು ಮೇಲೆ ಭಾರವಿಲ್ಲದೆ ಬಿದ್ದಿದ್ದವು. ನನ್ನ ಬಲಗೈ ತಾನಾಗಿಯೇ ಹೋಯಿತು ಗುಬ್ಬಿ. ಆ ಎರಡು ಎಲೆಗಳನ್ನು ಬಾಚಿಕೊಂಡು ಬಿಟ್ಟ ಎಲೆಗಳ ರಾಶಿಗೆ ಸೇರಿಸಿ, ಒಮ್ಮೆ ಕಲೆಸಿಯೂ ಬಿಟ್ಟಿತು.

“ನಾನಿನ್ನೂ ಬಿಟ್ಟಿರ್ಲಿಲ್ಲ” ಅಂದರು ಮೇಷ್ಟ್ರು. ಕೂಗಲಿಲ್ಲ. ಕನ್ನಡಕ ಅರ್ಧ ಕಿವಿಗೆ ಸಿಕ್ಕಿಕೊಂಡಿತ್ತು.

ಮೇಲ್ವಿಚಾರಕರನ್ನು ಕರೆದೆ. ರಾಶಿಗೆ ಸೇರಿದ ಎಲೆ ಸತ್ತ ಎಲೆ, ಅದು ನಿಯಮ. ಮೇಜಿನಂಚಿನ ಗಾಜಿನ ಕೆಳಗೆ ಕ್ಯಾಮೆರಾ ಇದೆ, ಅದು ಎಲೆಗಳನ್ನು ಆಗಲೇ ನೋಡಿದೆ, ನಿಜ. ಆದರೆ ಅದು ಟೀವಿ ನೋಡುವವರಿಗೆ, ಆಡುವವರಿಗಲ್ಲ. ಕತ್ತರಿ ಕೂಡ “ಅವ್ರ ಎಲೆ ಅವ್ರಿಗೆ ಕೊಡ್ರೀ, ಹೀಗೆಲ್ಲ ನಂಗೆ ಬೇಡ” ಎಂದು ಜಗಳಕ್ಕೆ ನಿಂತಳು. ಮೇಲ್ವಿಚಾರಕರು ಆಗದೆಂದು ತಲೆಯಾಡಿಸಿದರು. ಮೇಷ್ಟ್ರ ಕೈಯಲ್ಲಿ ಇದ್ದದ್ದು ಎರಡು ಎಕ್ಕ, ಈ ಆಟದಲ್ಲಿ ಅದಕ್ಕಿಂತ ದೊಡ್ಡ ಜೋಡಿಯಿಲ್ಲ. ಮೂರು ದಿನ ಅವರು ಕಾದಿದ್ದು ಅದಕ್ಕೇ. ಕತ್ತರಿಯ ಹತ್ತಿರ ಒಂಬತ್ತು ಮತ್ತು ನಾಲ್ಕು, ಅಂದರೆ ಏನೂ ಇಲ್ಲ. ಇದು ನನಗೆ ತಿಳಿದದ್ದು ಆಮೇಲೆ, ನೀನು ಭಾನುವಾರ ನನ್ನ ಕೈ ತಪ್ಪುವ ಮೊದಲೇ ನೋಡಿರುತ್ತೀಯ. ಮುಂದಿನ ಮುಕ್ಕಾಲು ಗಂಟೆಯಲ್ಲಿ ಮೇಷ್ಟ್ರ ಉಳಿದ ಚಿಪ್ಸೂ ಸವೆದು ಅವರು ಎದ್ದರು. ಅವರ ಕೊನೆಯ ಚಿಪ್ಸನ್ನು ಬೇರೆಯವರ ಕಡೆ ಸರಿಸಿದ್ದೂ ಇದೇ ಕೈ.

ಸಂಜೆ ಮೇಲ್ವಿಚಾರಕರು ಹೇಳಿಕೆಯ ನಮೂನೆ ತಂದರು. ಒಳ್ಳೆಯ ಮನುಷ್ಯ, ನನಗೆ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು ಎಂಬುದು ಅವರಿಗೆ ಗೊತ್ತು. “ಎಲೆ ಮೇಲೆ ಭಾರ ಇಟ್ಟಿರ್ಲಿಲ್ಲ ಅಂತ ಒಂದೇ ಸಾಲು ಬರೀರಿ, ಅದೇನು ಸುಳ್ಳಲ್ವಲ್ಲ, ಜವಾಬ್ದಾರಿ ಅವ್ರದಾಗುತ್ತೆ” ಅಂದರು. ಸುಳ್ಳಲ್ಲ, ನಿಜವೇ. ಒಂದು ಸಾಲು ಬರೆದೆ. ಆಮೇಲೆ ಪೆನ್ನು ಕೆಳಗಿಡಲು ಆಗಲಿಲ್ಲ. ಅವರು ಎಲೆ ತಳ್ಳಿರಲಿಲ್ಲ, ಬಾಯಲ್ಲಿ ಹೇಳಿರಲಿಲ್ಲ, ನಾನು ಅವರತ್ತ ನೋಡಲೂ ಇಲ್ಲ, ಇವರು ಬಿಡುವವರೇ ಎಂದುಕೊಂಡು ತೆಗೆದುಕೊಂಡೆ ಎಂದು ಎಲ್ಲವನ್ನೂ ಬರೆದು ಸಹಿ ಹಾಕಿದೆ. ಮೇಲ್ವಿಚಾರಕರು ಓದಿ, “ನಿಮ್ಮ ಕಾಲಿಗೆ ನೀವೇ ಕೊಡಲಿ ಹಾಕ್ಕೊಂಡ್ರಿ” ಎಂದು ಬೇಸರದಿಂದ ಜೇಬಿಗಿಟ್ಟುಕೊಂಡರು. ಮಾರನೆಯ ದಿನವೇ ನನ್ನ ಜಾಗಕ್ಕೆ ಬೇರೆಯವರನ್ನು ಹಾಕಿದರು. ಈಗ ಹಿಂದಿನ ಕೋಣೆಯಲ್ಲಿ ಹಳೆಯ ಕಟ್ಟುಗಳನ್ನು ಬಿಚ್ಚಿ, ಐವತ್ತೆರಡೂ ಇವೆಯೇ, ಯಾವುದಾದರೂ ಮೂಲೆ ಮಡಚಿದೆಯೇ ಎಂದು ನೋಡುವ ಕೆಲಸ. ಅಲ್ಲಿ ಕಿಟಕಿ ಇದೆ, ಅದೊಂದು ಲಾಭ.

ಪಂದ್ಯದ ದಿನವೇ ಮೇಷ್ಟ್ರು ಹೊರಡುವ ಮುನ್ನ ಲಿಫ್ಟಿನ ಹತ್ತಿರ ಸಿಕ್ಕಿದ್ದರು. ಬೈದಿದ್ದರೆ ಹಗುರಾಗುತ್ತಿತ್ತು. ಕ್ಷಮಿಸಿ ಎನ್ನಲು ಬಾಯಿ ತೆರೆದೆ, ಅವರೇ ನನ್ನ ಕೈ ಹಿಡಿದುಕೊಂಡರು. “ನಿಮ್ಮ ಕೈದೇನು ತಪ್ಪು? ಮೂರು ದಿನ ಬಿಟ್ಟು ಬಿಟ್ಟು ನಾನೇ ಅದಕ್ಕೆ ಅಭ್ಯಾಸ ಮಾಡ್ಸಿದ್ದೆ” ಅಂದರು. ಲಿಫ್ಟು ಬಂತು, ಹೋದರು. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ, ಸುಸ್ತಾಗಿದೆ. ಟೀವಿ ಮೇಜು ಹೋದದ್ದಕ್ಕೆ ಅಲ್ಲ. ಆ ಮೇಜಿನ ಮೇಲೆ ನನಗೆ ಅಷ್ಟೇನೂ ಆಸೆ ಉಳಿದಿರಲಿಲ್ಲ.

ಭಾನುವಾರ ನೋಡಿದರೆ ನೋಡು, ಆ ಹುಡುಗರು ನಕ್ಕರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೊತ್ತುಹೊತ್ತಿಗೆ ತಿನ್ನು, ಕುತ್ತಿಗೆ ಜೋಪಾನ. ಅಳಿಯಂದಿರಿಗೆ ನನ್ನ ನೆನಪುಗಳು. ನೀನು ನೂರು ಕಾಲ ಚೆನ್ನಾಗಿರಬೇಕು, ಅಷ್ಟೇ ನನಗೆ ಬೇಕಾದದ್ದು.

ಇಂತು ನಿನ್ನ
ಅಪ್ಪ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ, ಅಂಚೆ ಹೋಗುವ ಹೊತ್ತಾಯಿತೆಂದು ಈಗ ಗೀಚುತ್ತಿದ್ದೇನೆ. ಹೋದ ತಿಂಗಳು ಇಪ್ಪತ್ತೆಂಟಕ್ಕೆ ಬೆಳಿಗ್ಗೆ ನೀನು ಫೋನ್ ಮಾಡಿದ್ದೆ, ನಾನು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದೆ. “ಅಪ್ಪಾ, ನಾನೊಬ್ಳೇ ಬಂದು ಅಲ್ಲಿ ಸ್ವಲ್ಪ ದಿನ ಇರ್ಲಾ?” ಅಂದೆ. ಇಬ್ಬರೂ ರಜ ನೋಡಿಕೊಂಡು ಬನ್ನಿ, ಎಲ್ಲ ಸರಿಹೋಗುತ್ತೆ ಎಂದು ನಾನು ಅಂದುಬಿಟ್ಟೆ. ನೀನು “ಏನಿಲ್ಲ ಬಿಡಪ್ಪ” ಅಂದೆ. ಮದುವೆಯಾದ ಎಂಟು ವರ್ಷದಿಂದ ಪ್ರತಿ ಸಲವೂ “ಏನಿಲ್ಲ ಬಿಡಪ್ಪ” ಅಂದೇ ಫೋನಿಡುತ್ತಿದ್ದೀಯ, ಅವತ್ತೂ ಹಾಗೆಯೇ ಎಂದು ಅದನ್ನೂ ಬಾಚಿಕೊಂಡುಬಿಟ್ಟೆ. ನಿನ್ನ ಮಾತು ಮುಗಿದಿರಲಿಲ್ಲ. ಶುಕ್ರವಾರ ಬೆಳಗಿನ ರೈಲಿಗೆ ಟಿಕೆಟ್ ತೆಗೆದಿದ್ದೇನೆ, ವಾಪಸು ಬರಲು ಎರಡು ತೆಗೆದಿದ್ದೇನೆ, ಬೇಡವಾದರೆ ಒಂದನ್ನು ಹರಿದುಹಾಕಿದರಾಯಿತು. ಈ ಕಾಗದಕ್ಕಿಂತ ನಾನೇ ಮೊದಲು ಬಂದರೆ ನಾನೇ ಕೇಳುತ್ತೇನೆ, ಕಾಗದವೇ ಮೊದಲು ಬಂದರೆ ನಾನು ಕೇಳಲೆಂದು ಕಾಯಬೇಡ, ಅವತ್ತು ಹೇಳಬೇಕೆಂದಿದ್ದುದನ್ನು ಬಾಗಿಲಲ್ಲೇ ಹೇಳು.