ಖಾಲಿ ತೊಟ್ಟಿಲಿನ ಪಾಠ

ಇನ್ನೂ ಹೆಸರಿಡದ ನನ್ನ ಕೂಸೇ,

ಮಧ್ಯಾಹ್ನ ಎರಡಕ್ಕೆ ಊಟ ಮಾಡಿದೆ. ಈಗ ಎರಡೂಮುಕ್ಕಾಲು. ಇಷ್ಟರಲ್ಲಿ ನೀನು ಹೊರಳಿದ್ದು ಮೂರೇ ಸಲ. ಹುಬ್ಬಳ್ಳಿಯ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಎಡಮಗ್ಗುಲಾಗಿ ಮಲಗಿ, ಒಂಬತ್ತನೆಯ ತರಗತಿಯ ಪಾಠದ ವಹಿಯ ಹಿಂದಿನ ಹಾಳೆಯಲ್ಲಿ ನಿನಗೆ ಬರೆಯುತ್ತಿದ್ದೇನೆ. ಊಟವಾದ ಎರಡು ತಾಸಿನೊಳಗೆ ನೀನು ಹತ್ತು ಸಲ ಅಲುಗಾಡಬೇಕೆಂದು ಡಾಕ್ಟರಮ್ಮ ಹೇಳಿದ್ದಾರೆ. ಆಗದಿದ್ದರೆ ಇವತ್ತೇ ಹೊಟ್ಟೆ ಕೊಯ್ದು ನಿನ್ನನ್ನು ತೆಗೆಯುತ್ತಾರೆ. ನಿನಗಿನ್ನೂ ಎಂಟು ತಿಂಗಳು ತುಂಬಿಲ್ಲ, ತೂಕವೂ ಸಾಲದು. ಗಟ್ಟಿಯಾಗಿ ಒಂದು ಸಲ ಒದಿ ಮಗಾ, ನಿನ್ನ ಕಾಲು ಹಿಡಿದು ಬೇಡಿಕೊಳ್ಳುತ್ತೇನೆ.

ನಿನಗೆ ಒಂದು ವಿಷಯ ಹೇಳಬೇಕು. ನಿನ್ನ ಅಮ್ಮಿ ದೇವಿಕೊಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನಿನ್ನ ಅಜ್ಜ ಮಶಾಕಸಾಬರು ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವವರು. ಆರೇಳು ತಿಂಗಳ ಹಿಂದೆ ಲೋಲಕದ ಪಾಠ ನಡೆದಿತ್ತು. ಹಗ್ಗದ ಉದ್ದ ಒಂದೇ ಇದ್ದರೆ ಭಾರ ಹೆಚ್ಚಿರಲಿ ಕಡಿಮೆ ಇರಲಿ, ತೂಗುವ ಕಾಲ ಬದಲಾಗುವುದಿಲ್ಲ ಎಂದೆ. ಮಲ್ಲಿಕಾ ಎಂಬ ಹುಡುಗಿ ಎದ್ದು ನಿಂತು, “ಅದ್ಹೆಂಗ್ರಿ ಟೀಚರ್? ಭಾರ ಇದ್ರ ಸಾವಕಾಶ ತೂಗತೈತ್ರಿ” ಎಂದಳು. ಇಡೀ ವರ್ಗ ಅವಳ ಪಾರ್ಟಿ. ತೋರಿಸಿಯೇ ಬಿಡೋಣವೆಂದು ಭಾನುವಾರ ಅಜ್ಜನ ಅಂಗಡಿಯಲ್ಲಿ ಹೊಸ ತೊಟ್ಟಿಲು ಕಟ್ಟಿಸಿದೆ. ಮೊದಲು ಖಾಲಿ ತೂಗಿದೆ. ಆಮೇಲೆ ಅರ್ಧ ಚೀಲ ಜೋಳ ಇಟ್ಟು ತೂಗಿದೆ. ಎರಡು ಸಲವೂ ಕಾಲ ಹೆಚ್ಚುಕಡಿಮೆ ಒಂದೇ ಬಂತು. ನಿನ್ನ ಅಬ್ಬಾ ಜಹೀರ್ ಮೊಬೈಲಿನಲ್ಲಿ ವಿಡಿಯೋ ಹಿಡಿದರು.

ಖಾಲಿ ತೊಟ್ಟಿಲು ತೂಗುವುದನ್ನು ನೋಡಿ ನಿನ್ನ ಅಜ್ಜಿ ಮೆಹರುನಬಿ ಒಳಗಿನಿಂದ ಓಡಿಬಂದರು. “ಏ ನಾಜಮೀನ್, ಕೈ ತಗಿ ಮೊದ್ಲ! ಖಾಲಿ ತೊಟ್ಟಲಾ ತೂಗಬಾರ್ದು ಅನ್ನೂದು ಗೊತ್ತಿಲ್ಲೇನ ನಿನಗ? ಮನಿ ಕೂಸಿಗೆ ಆಗಿಬರಂಗಿಲ್ಲ” ಎಂದು ಬೈದರು. ನಾನು ನಕ್ಕೆ. “ಒಳಗ ಯಾರದಾರ, ಯಾರಿಲ್ಲ ಅಂತ ತೊಟ್ಟಲಕ್ಕ ಏನ್ ಗೊತ್ತಾಗತೈತ್ರಿ ಅತ್ತಿ?” ಎಂದೆ. ಆಗ ನನ್ನ ಹೊಟ್ಟೆಯಲ್ಲಿ ನಿನಗೆ ಐದು ವಾರ. ನನಗೇ ಗೊತ್ತಿರಲಿಲ್ಲ.

ವಿಡಿಯೋವನ್ನು ಮಕ್ಕಳಿಗಾಗಿ ನೆಟ್ಟಿನಲ್ಲಿ ಹಾಕಿದೆ. ಯಾರೋ ಪುಣ್ಯಾತ್ಮರು ಜೋಳದ ಚೀಲವನ್ನೂ ನನ್ನ ಮಾತನ್ನೂ ಕತ್ತರಿಸಿ, ಖಾಲಿ ತೊಟ್ಟಿಲು ತೂಗುವಷ್ಟನ್ನೇ ಇಟ್ಟುಕೊಂಡು, ಜೋಗುಳದ ರಾಗ ಸೇರಿಸಿ ರೀಲ್ ಮಾಡಿದರು. ಹತ್ತಾರು ಲಕ್ಷ ಜನ ನೋಡಿದರು. ನಿಜ ಹೇಳುತ್ತೇನೆ, ನನಗೆ ಅಗದಿ ಖುಷಿಯಾಯಿತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ.

ಆರನೆಯ ತಿಂಗಳಲ್ಲಿ ಸ್ಕ್ಯಾನ್ ಮಾಡಿದವರು ಕೂಸಿನ ಬೆಳವಣಿಗೆ ಹಿಂದೆ ಬಿದ್ದಿದೆ ಎಂದರು. ಅವತ್ತು ನಾನು ಓದಿದ್ದೆಲ್ಲ ಗಾಳಿಗೆ ಹೋಯಿತು. ಮನೆಗೆ ಬಂದವಳೇ ನನ್ನ ವಿಡಿಯೋ ಅಳಿಸಿದೆ. ರೀಲ್ ಅಳಿಸುವುದು ನನ್ನ ಕೈಯಲ್ಲಿರಲಿಲ್ಲ. ಅಷ್ಟರಲ್ಲಿ ಅದಕ್ಕೆ ನೂರಾರು ಮರಿಗಳು ಹುಟ್ಟಿದ್ದವು. ರೀಲ್ ಎಂದರೆ ನಿನಗೇನು ಗೊತ್ತು? ಅದು ಮುಗಿಯುವುದೇ ಇಲ್ಲ, ಮುಗಿದಲ್ಲಿಂದ ಮತ್ತೆ ಶುರುವಾಗುತ್ತದೆ. ಯಾರದೋ ಅಂಗೈಯಲ್ಲಿ, ಯಾವುದೋ ಬಸ್ಸಿನಲ್ಲಿ, ನಾನು ಖಾಲಿ ತೊಟ್ಟಿಲನ್ನು ತೂಗುತ್ತಲೇ ಇದ್ದೇನೆ. ಸಿಕ್ಕ ಸಿಕ್ಕ ಪ್ರತಿಯ ಕೆಳಗೆಲ್ಲ, “ಈ ತೊಟ್ಟಿಲು ಖಾಲಿ ಇಲ್ಲ, ದಯವಿಟ್ಟು ತೆಗೆಯಿರಿ” ಎಂದು ಬರೆದೆ. ಜನ ನಗುವ ಮುಖ ಹಾಕಿ ಹೋದರು. ಮೊಬೈಲ್ ಅಂಗಡಿಯ ಸಾಧಿಕನ ಮುಂದೆ ಕಣ್ಣೀರು ಹಾಕಿದೆ. “ಅಕ್ಕಾ, ಸಂತ್ಯಾಗ ಚೆಲ್ಲಿದ ಸಾಸಿವಿ ಇದು. ಎಷ್ಟಂತ ಆರಿಸ್ತೀರಿ?” ಎಂದ.

ನಿನ್ನ ಅಜ್ಜಿ ಮಾತ್ರ ಒಂದು ದಿನವೂ ‘ನಾ ಹೇಳಿರಲಿಲ್ಲೇನು’ ಎನ್ನಲಿಲ್ಲ. ನಮ್ಮ ಕಡೆ ಹೆಸರಿಡುವ ದಿನ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುವವರಿದ್ದಾರಲ್ಲ, ಹಾಗೆ ಅವರು ಒಂದು ಕಲ್ಲಿಗೆ ಕುಲಾಯಿ ತೊಡಿಸಿ, ಕೌದಿಯ ತುಂಡಿನಲ್ಲಿ ಸುತ್ತಿ ಆ ತೊಟ್ಟಿಲಲ್ಲಿ ಮಲಗಿಸಿದರು. “ಈಗ ಖಾಲಿ ಇಲ್ಲ. ನೀ ನಿದ್ದಿ ಮಾಡು” ಎಂದರು. ವಿಜ್ಞಾನದ ಟೀಚರ್ ಹೋಗಿ ಆ ಕಲ್ಲಿನ ಮೇಲೆ ಕೈಯಾಡಿಸಿ ಬಂದಳು.

ಮೂರೂವರೆ. ಆರು. ಆರನೆಯದು ಒದೆತವೋ ಬರೀ ನಡುಕವೋ, ತಿಳಿಯದು. ಎಣಿಸಿಕೊಂಡಿದ್ದೇನೆ.

ಖಾಲಿ ತೊಟ್ಟಿಲಿನ ಮೇಲೆ ಗೂಬೆ ಕೂರಿಸುವುದು ಸುಲಭ. ನಿಜ ಬೇರೆಯೇ ಇದೆ, ಅದನ್ನು ನಿನ್ನ ಅಬ್ಬಾನಿಗೂ ಹೇಳಿಲ್ಲ. ನಿನ್ನೆ ಮಧ್ಯಾಹ್ನ ಮನೆಯಲ್ಲಿ ಎಣಿಸಿದಾಗ ನೀನು ಎಂಟಕ್ಕೇ ನಿಂತೆ. ಡಾಕ್ಟರಮ್ಮ ದಿನಾ ಎಣಿಸಿ ಬರೆಯಲು ಕೊಟ್ಟ ಚೀಟಿಯಲ್ಲಿ ನಾನು ಹತ್ತು ಎಂದು ಬರೆದೆ. ಎಂಟೆಂದರೆ ಮನೆಯವರು ನನ್ನನ್ನು ಆಸ್ಪತ್ರೆಗೆ ಓಡಿಸಿಕೊಂಡು ಬರುತ್ತಾರೆ, ಇಲ್ಲಿಯವರು ನಿನ್ನನ್ನು ಹೊರಗೆ ತೆಗೆದು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ ಎಂದು ಹೆದರಿದೆ. ಹತ್ತಾಗಿಬಿಟ್ಟರೆ ತೊಟ್ಟಿಲಿನ ಶಾಪ ಸುಳ್ಳಾಗುತ್ತದೆ ಎಂಬ ಆಸೆಯೂ ಇತ್ತು. ಉತ್ತರ ಮೊದಲು ಬರೆದು ಆಮೇಲೆ ಅಂಕಿ ಹೊಂದಿಸುವ ಮಕ್ಕಳ ವಹಿಯ ಮೇಲೆ ಕೆಂಪು ಗೆರೆ ಎಳೆದವಳು ನಾನು. ಅವರು ಹೊಂದಿಸಿದ್ದು ದಾರದ ತುದಿಯ ಕಲ್ಲಿನ ಲೆಕ್ಕ. ನಾನು ಹೊಂದಿಸಿದ್ದು ನಿನ್ನ ಜೀವದ್ದು. ಇವತ್ತು ಮುಂಜಾನೆ ನೀನು ಪೂರ್ತಿ ಸುಮ್ಮನಾದ ಮೇಲೆ ಅಷ್ಟನ್ನು ಮಾತ್ರ ಹೇಳಿದೆ, ಅಬ್ಬಾ, ಅಜ್ಜಿ ಕೂಡಿ ಇಲ್ಲಿಗೆ ಕರೆತಂದರು. ಒಂದು ಇಡೀ ದಿನ ನಿನ್ನಿಂದ ಕಸಿದುಕೊಂಡೆನಲ್ಲ, ಅದನ್ನು ಎಲ್ಲಿಂದ ತಂದುಕೊಡಲಿ?

ನಾಲ್ಕು ಹೊಡೆಯಿತು. ಏಳು.

ಈಗಷ್ಟೇ ಸಿಸ್ಟರ್ ಬಂದು, “ಎಷ್ಟಾತ್ರಿ?” ಎಂದು ಕೇಳಿದರು. ಹತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. “ಏಳ್ರಿ ಸಿಸ್ಟರ್. ನಿನ್ನೇನೂ ಎಂಟ ಆಗಿದ್ವು. ಹತ್ತಂತ ಸುಳ್ಳ ಬರದಿದ್ದೇನ್ರಿ” ಎಂದೆ. ಅವರು ಬೈಯಲಿಲ್ಲ. ಅದಕ್ಕೂ ಹೊತ್ತಿಲ್ಲವೆಂಬಂತೆ ಡಾಕ್ಟರಮ್ಮನನ್ನು ಕರೆಯಲು ಓಡಿದರು. ಹೊರಗೆ ಅಬ್ಬಾನ ಕೈಯಿಂದ ಕಾಗದಕ್ಕೆ ಸಹಿ ಹಾಕಿಸುತ್ತಿದ್ದಾರೆ. ಗಾಲಿಮಂಚದ ಸಪ್ಪಳ ಇತ್ತಲೇ ಬರುತ್ತಿದೆ. ಬಳೆ ಬಿಚ್ಚಿ ಅಜ್ಜಿಯ ಕೈಗೆ ಕೊಟ್ಟಿದ್ದೇನೆ, ಪೆನ್ನೊಂದೇ ಉಳಿದಿದೆ.

ಇನ್ನು ಎಣಿಕೆ ನನ್ನದಲ್ಲ ಕೂಸೇ. ನನ್ನ ಆಯುಷ್ಯವನ್ನೂ ಅಲ್ಲಾ ನಿನ್ನದಕ್ಕೆ ಕೂಡಿಸಲಿ. ಉಳಿದ ಮೂರು ಒದೆತ ಹೊರಗೆ ಬಂದು ಒದಿ. ನನ್ನ ಎದೆಗೇ ಒದಿ. ನೋಯಲಿ.

ನಿನ್ನ ವಿಷಯದಲ್ಲಿ ತಪ್ಪು ಮಾಡಿದ, ನಿನ್ನ ದಾರಿ ಕಾಯುವ
ಅಮ್ಮಿ, ನಾಜಮೀನ್