ಬೀಗ ಎಳೆದು ನೋಡುವ ರೋಗಿಯ ವಿಚಾರ

ಮನೋರೋಗ ವಿಭಾಗದ ಮುಖ್ಯಾಧಿಕಾರಿಗಳೇ,

ನಮ್ಮ ಯಜಮಾನರನ್ನು ನಿಮ್ಮ ಮರೆವಿನ ಕಾಯಿಲೆಯ ವಾರ್ಡಿನಲ್ಲಿ ಮಂಚಕ್ಕೆ ಕಟ್ಟಿಹಾಕಿದ್ದಾರೆ. ಕಟ್ಟಿಲ್ಲ, 'ಸುರಕ್ಷತಾ ಪಟ್ಟಿ' ಹಾಕಿದ್ದೇವೆ ಎಂದು ನಿಮ್ಮವರು ನನ್ನನ್ನು ತಿದ್ದಿದರು. ಭಾಷಾಶುದ್ಧಿಯ ಬಗ್ಗೆ ಇಷ್ಟು ಕಾಳಜಿಯಿರುವ ಆಸ್ಪತ್ರೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವರ ಅಪರಾಧವಾದರೂ ಏನು? ಕಂಡ ಕಂಡ ಬಾಗಿಲು ಎಳೆಯುತ್ತಾರೆ. ಅದು 'ಪರಾರಿ ಯತ್ನ'ವಂತೆ. ಮಾನ್ಯರೇ, ಅವರು ಬದುಕಿಡೀ ಒಂದು ಗೋದಾಮು ಕಾದವರು. ನನ್ನ ಹೆಸರು ಮರೆತರು, ಹೆತ್ತ ಮಗಳನ್ನೇ ಯಾರಮ್ಮಾ ನೀನು ಎಂದು ಕೇಳಿದರು. ಬೀಗ ಎಳೆದು ನೋಡುವುದನ್ನು ಮಾತ್ರ ಆ ಕೈ ಮರೆತಿಲ್ಲ. ಅವರು ಎಳೆಯುವುದು ಬಾಗಿಲು ತೆರೆಯಲೆಂದಲ್ಲ, ಹಾಕಿದೆಯೋ ಇಲ್ಲವೋ ಎಂದು ನೋಡಲು. ಹಾಕಿದ್ದರೆ ತಲೆಯಾಡಿಸಿ ಬಂದು ತಮ್ಮ ಪಾಡಿಗೆ ಮಲಗುತ್ತಾರೆ. ನಿಮ್ಮ ವಾರ್ಡಿಗೆ ಬೀಗ ಬಿದ್ದಿರಬೇಕೆಂಬ ಆಸೆ ನಿಮಗಿಂತ ಅವರಿಗೇ ಹೆಚ್ಚು! ಮನೆಯಲ್ಲಿ ಜೊತೆಗೆ ಹೋಗಿ, ಎಲ್ಲಾ ಭದ್ರವಾಗಿದೆ ಕಣ್ರೀ ಎಂದರೆ ಸಾಕಿತ್ತು. ನಿದ್ದೆಗೆಟ್ಟು ಊಟ ಬಿಟ್ಟರೆಂದು ನಿಮ್ಮಲ್ಲಿಗೆ ಕರೆತಂದೆ. ಬಾಗಿಲಿನ ವಿಷಯ ಹೇಳಲು ಹೋದರೆ ನಿಮ್ಮ ವೈದ್ಯರು ಭೇಟಿಯ ಸಮಯ ಮುಗಿಯಿತೆಂದರು. ಇಷ್ಟು ವರ್ಷ ಉಣ್ಣಿಸಿ, ಮೀಯಿಸಿ, ಬಟ್ಟೆ ಬದಲಿಸಿದವಳು ನಿಮ್ಮ ಲೆಕ್ಕದಲ್ಲಿ ಬರೀ ಸಂದರ್ಶಕಿ.

ನಿನ್ನೆ ನನ್ನನ್ನು ಒಳಗೆ ಬಿಟ್ಟಾಗ ಅವರ ಕಣ್ಣು ಅರ್ಧ ತೆರೆದಿತ್ತು. ಮಣಿಕಟ್ಟು ಕಪ್ಪಗಾಗಿತ್ತು. ಚಮಚದಲ್ಲಿ ಕೊಟ್ಟ ನೀರು ಕಟಬಾಯಿಯಿಂದ ಇಳಿದು ದಿಂಬು ಸೇರಿತು. ಈಗ ತುಂಬಾ ಒಳ್ಳೆಯವರಾಗಿದ್ದಾರೆ, ಏನೂ ತಂಟೆಯಿಲ್ಲ ಎಂದರು ನರ್ಸ್. ಹೋದ ವಾರ ಗಂಟಲು ಬಿಚ್ಚಿ ಹಾಡುತ್ತಿದ್ದ ಪಕ್ಕದ ಮಂಚದ ಮೇಷ್ಟ್ರೂ ಒಳ್ಳೆಯವರಾಗಿದ್ದರು. ಇಡೀ ವಾರ್ಡೇ ಒಳ್ಳೆಯದಾಗಿಬಿಟ್ಟಿತ್ತು. ನನಗೆ ಭಯವಾಯಿತು.

ನಾಳೆ ಇವರನ್ನು ಒಳವಾರ್ಡಿಗೆ ಸಾಗಿಸುತ್ತೀರಂತೆ; ಅಲ್ಲಿಗೆ ಮನೆಯವರನ್ನು ಬಿಡುವುದಿಲ್ಲವಂತೆ.

"ಅಲ್ಲಿಂದ ಯಾರಾದ್ರೂ ಮನೆಗೆ ಹೋಗಿದ್ದಾರೇನಮ್ಮಾ?" ಎಂದು ನರ್ಸನ್ನು ಕೇಳಿದೆ.

ಆಕೆ ಮಾತ್ರೆಗಳ ತಟ್ಟೆ ಜೋಡಿಸುತ್ತಲೇ ಇದ್ದರು. ಆಮೇಲೆ ಮೆಲ್ಲಗೆ ಹೇಳಿದರು, "ಅವರ ಬಟ್ಟೆ ಬರೆ ಇದ್ರೆ ಇವತ್ತೇ ತಗೊಂಡು ಹೋಗಿಬಿಡಿ ಅಮ್ಮ."

ಅವರಿಗೆ ಬಟ್ಟೆಯೇ ಬೇಡವಾಗುವಂಥ ಚಿಕಿತ್ಸೆ ಯಾವುದು, ಮಾನ್ಯರೇ? ಇದಕ್ಕೆ ಉತ್ತರ ಸಿಗುವವರೆಗೆ ಅವರನ್ನು ಎಲ್ಲಿಗೂ ಸಾಗಿಸಕೂಡದು. ಕೈಕಟ್ಟು ಬಿಚ್ಚಿಸಿ. ಯಾವ ಮದ್ದು, ಎಷ್ಟು, ಯಾಕೆ ಎಂದು ನನ್ನ ಮುಖ ನೋಡಿ ಹೇಳಿ. ಅವರ ಪಕ್ಕದಲ್ಲಿ ನನಗೊಂದು ಕುರ್ಚಿ ಹಾಕಿಸಿ. ಇದಾವುದೂ ಆಗದಿದ್ದರೆ ಉಸಿರಿರುವಾಗಲೇ ಅವರನ್ನು ನನ್ನ ಕೈಗೊಪ್ಪಿಸಿ, ಮನೆಗೆ ಕರೆದೊಯ್ಯುತ್ತೇನೆ. ಬಟ್ಟೆಯನ್ನು ನಾನು ಮುಟ್ಟಿಲ್ಲ, ಅಲ್ಲೇ ಇದೆ.

ಇಂತಿ,
ಈ ಹೊತ್ತಿಗಿನ್ನೂ ಅವರ ಹೆಂಡತಿಯಾಗಿರುವವಳು