ರುಮಾಲಿನ ಕೆಳಗೆ ಐದು ಸುತ್ತು

ಅಕ್ಟೋಬರ್ ೬, ಬೆಳಗ್ಗೆ

ಎಮ್ಮೆಗೆ ನೀರು ಕುಡಿಸಿ ಒಳಗೆ ಬಂದೆ. ಮಂಚ ಖಾಲಿ. ಮಗಳು ಇರ್ಫಾನಾ ಹಿತ್ತಲಲ್ಲಿ ಕಸ ಹೊಡೆಯುತ್ತಿದ್ದಳು. ಏಳು ತಿಂಗಳು ತುಂಬಿದ ಬಸುರಿ! ಕಸಬರಿಗೆ ಕಸಿದುಕೊಂಡೆ. ಹೋದ ಸಲದ ಬಸಿರು ಐದು ತಿಂಗಳಿಗೇ ಹೋಯಿತು. ಸಾಲೆಯಲ್ಲಿ ಹುಡುಗಿಯರಿಗೆ ಖೋಖೋ ಕಲಿಸುತ್ತಾಳೆ, ಅದಕ್ಕೇ ಹೋಯಿತೆಂದು ಕಣಗಲಾ ಊರಿನ ಬೀಗತಿ ಸಾಯಿರಾಬಿ ಊರೆಲ್ಲ ಹೇಳಿದಳು. ಈ ಸಲ ಇಲ್ಲಿ ಬಿಟ್ಟು ಹೋಗುವಾಗ ಒಂದೇ ಮಾತು: "ಮಂಚ ಬಿಟ್ಟ ಇಳೀಬಾರ್ದು ನೋಡ್ರಿ. ಏನರೆ ಆತಂದ್ರ ನಿಮ್ಮ ಮಗಳನ್ನ ನೀವ ಇಟ್ಕೋರಿ."

ಇವಳ ತಾಯಿ ಇದ್ದಿದ್ದರೆ... ಈಗ ಎಲ್ಲಾ ನನ್ನ ತಲೆ ಮೇಲೆ.

ಅಕ್ಟೋಬರ್ ೯

ಗೋಕಾಕದ ದವಾಖಾನೆಗೆ ಹೋಗಿ ಬಂದೆವು. ಡಾಕ್ಟರ್ ಬಾಯಿಯವರು ಎಲ್ಲ ಚಲೋ ಐತಿ ಅಂದರು. "ದಿನಾ ಅರ್ಧಾ ತಾಸು ನಡೀಲಿ. ಹೋದ ಸಲದ ಕೂಸು ಆಟದಿಂದ ಹೋಗಿಲ್ರಿ ಕಾಕಾ."

"ಹಂಗಂತ ಬರದ ಕೊಡ್ರಿ."

ಬರೆದುಕೊಟ್ಟರು. ಇಂಗ್ಲಿಷ್. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವ, ಏನು ಓದಲಿ? ನಾಳೆ ಬೀಗತಿ ಎದುರು ನಿಲ್ಲಬೇಕಾದವ ನಾನು, ಡಾಕ್ಟರ್ ಅಲ್ಲ. ಮನೆಗೆ ಬಂದವನೇ ಮಗಳ ಚಪ್ಪಲಿ ಮೇವಿನಲ್ಲಿ ಮುಚ್ಚಿಟ್ಟೆ.

ಅಕ್ಟೋಬರ್ ೧೦

ಬರಿಗಾಲಲ್ಲೇ ಅಂಗಳ ಸುತ್ತುತ್ತಿದ್ದಾಳೆ. ಗೂಟದ ಸುತ್ತ ಎಮ್ಮೆ, ಎಮ್ಮೆಯ ಸುತ್ತ ಇವಳು. ಬೈದೆ.

"ಗಬ್ಬದ ಎಮ್ಮಿ ಹುಕ್ಕೇರಿಯಿಂದ ನಡಸ್ಕೊಂಡ ಬರ್ತಿದ್ದಿ ಅಬ್ಬಾ. ನನ್ನನ್ನಷ್ಟ ಯಾಕ ಕಟ್ಟಿ ಹಾಕ್ತಿ?"

"ನೀ ಏನ ಎಮ್ಮಿ ಏನ?"

"ಎಮ್ಮಿಗಿಂತ ಕಡಿ ಮಾಡೀಯಲ್ಲ!"

ನಾನೋ, ನಲವತ್ತು ವರ್ಷ ಮೂಡಲಗಿ ದನದ ಸಂತೆಯಲ್ಲಿ ದಲಾಲಿ ಮಾಡಿದವ. ನಡೆಸಿ ನೋಡದೆ ಒಂದು ಗಬ್ಬದ ಎಮ್ಮೆಗೂ ಕೈ ಹಾಕಿದವನಲ್ಲ. ಕಟ್ಟಿದಲ್ಲೇ ಕಟ್ಟಿದ್ದು ಈಯುವಾಗ ತ್ರಾಸು ಪಡುತ್ತದೆ ಎಂದು ಊರಿಗೆಲ್ಲ ಹೇಳಿದವನೂ ನಾನೇ.

ಚಪ್ಪಲಿ ತಂದು ಅವಳ ಮುಂದೆ ಒಗೆದೆ.

ಅಕ್ಟೋಬರ್ ೧೧, ಸಂಜೆ

ಸಂತೆ ಬಯಲಲ್ಲಿ ನಡೆಸಿದೆ. ಸಂತೆಯ ದಿನ ಅಲ್ಲ, ಖಾಲಿ. ನೀರಿನ ತೊಟ್ಟಿ ಹತ್ತಿರ ಊರ ಮುದುಕಿ ಕಾಡವ್ವ ಕೂತಿದ್ದಳು. "ಏನ್ ದಸ್ತಗೀರಣ್ಣಾ, ಮಗಳನ್ನ ಸಂತಿಗೆ ತಂದೇನ?"

"ನಿನ್ನ ಯಾರೂ ಕೊಂಡ ಹೊಡಕೊಂಡ ಹೋಗಲಿಲ್ಲಂತ ಇಲ್ಲೇ ಕುಂತೀಯಲ್ಲ!"

ಮುದುಕಿ ಬಿದ್ದು ಬಿದ್ದು ನಕ್ಕಳು.

ಇರ್ಫಾನಾ ನನ್ನ ಹೆಗಲ ರುಮಾಲು ಎಳೆದು ಇಬ್ಬರ ಕೈ ಮೇಲೆ ಹಾಕಿದಳು. ನನ್ನ ಐದೂ ಬೆರಳು ಹಿಡಿದಳು. ಸಂತೆಯಲ್ಲಿ ರೇಟು ಹೇಳುವುದೇ ಹೀಗೆ — ಬಾಜೂದವನಿಗೆ ತಿಳಿಯಬಾರದಲ್ಲ. ಸಣ್ಣವಳಿದ್ದಾಗ ನಾನೇ ಕಲಿಸಿದ್ದು. ಐದು ಸುತ್ತು ನಡೆಯುತ್ತಾಳಂತೆ. ನಾನು ಎರಡು ಬೆರಳು ಹಿಡಿದೆ. ಅವಳು ನಾಲ್ಕು. ಮೂರಕ್ಕೆ ಮುಗಿಯಿತು.

ದಲಾಲಿಯ ಮಗಳು.

ನವೆಂಬರ್ ೨

ಬರೆಯಲು ಕೂತಿರಲಿಲ್ಲ. ನಡಿಗೆ ದಿನಾ ಇತ್ತು. ಐದು ಸುತ್ತಿಗೆ ಬಂದಿದ್ದೆವು.

ಇವತ್ತು ನಾಲ್ಕನೇ ಸುತ್ತಿಗೆ ನಿಂತುಬಿಟ್ಟಳು. "ಅಬ್ಬಾ... ಮುಂಜಾನಿಯಿಂದ ಕೂಸು ಮಿಸುಕಿಲ್ಲ."

ಟಂಟಂ ರಿಕ್ಷಾ ಹಿಡಿದು ಗೋಕಾಕಕ್ಕೆ ಓಡಿದೆವು. ಮುಂಜಾನೆಯೇ ಯಾಕೆ ಹೇಳಲಿಲ್ಲ ಎಂದು ದಾರಿಯುದ್ದಕ್ಕೂ ಬೈದೆ. ಹೇಳಿದ್ದರೆ ನಾನು ಮತ್ತೆ ಕಟ್ಟಿ ಹಾಕುತ್ತಿದ್ದೆನಂತೆ. ಖರೆ.

ಹೊಟ್ಟೆಗೆ ಮಶೀನು ಇಟ್ಟರು. ಟಕ ಟಕ ಟಕ... ಕುದುರೆ ಓಡಿದ ಹಾಗೆ. ಕೂಸು ಚಲೋ ಐತಿ, ನಡಿಗೆ ಬಿಡಬ್ಯಾಡ್ರಿ ಅಂದರು. ಹೊರಗೆ ಬಂದು ಟಂಟಂ ಕರೆದೆ.

ಅಳಿಯ ಮುಕ್ತಾರನ ಫೋನು. ಮಾತಾಡಿದ್ದು ಅವನ ತಾಯಿ. "ನಡಸಾಕತ್ತೀರಂತ?"

"ಹೌದ್ರಿ. ನಾಳೆನೂ ನಡಸ್ತೇನಿ."

ಫೋನು ಇಟ್ಟುಬಿಟ್ಟೆ.

ಡಿಸೆಂಬರ್ ೧೧, ಬೆಳಗ್ಗೆ ೯

ದವಾಖಾನೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ.

ನಸುಕಿನಲ್ಲಿ ಬೇನೆ ಶುರುವಾಯಿತು. "ಇನ್ನೂ ಹೊತ್ತೈತಿ, ನಡಸ್ರಿ ಕಾಕಾ" ಅಂದಳು ನರ್ಸ್. ಬೀಗತಿಯೂ ಬಂದು ಬೆಂಚಿನ ತುದಿಗೆ ಕೂತಿದ್ದಳು. ಮಗಳನ್ನು ವರಾಂಡದಲ್ಲಿ ನಡೆಸಿದೆ. ಬೇನೆ ಬಂದಾಗ ನಿಲ್ಲುತ್ತಾಳೆ, ರುಮಾಲಿನ ಕೆಳಗೆ ನನ್ನ ಬೆರಳು ಹಿಂಡುತ್ತಾಳೆ. ಐದು ಹಿಡಿದಳು. ನಾನು ಚೌಕಾಶಿ ಮಾಡಲಿಲ್ಲ.

ನಾಲ್ಕು ಸುತ್ತಿಗೆ ನನ್ನ ಮೊಣಕಾಲು ಹಿಡಿದುಕೊಂಡಿತು. ಬೀಗತಿ ಎದ್ದು ಬಂದಳು.

"ಮೊದಲ ನಿಮ್ಮ ಕಾಲ ನೋಡ್ಕೋರಿ. ಕೊಡ್ರಿಲ್ಲೆ ಆಕೀನ."

ಐದನೇ ಸುತ್ತು ಅವಳೇ ನಡೆಸಿದಳು. ಸೊಸೆಯ ಸೊಂಟ ತಿಕ್ಕುತ್ತ, ನನ್ನನ್ನು ಬೈಯುತ್ತ.

ಒಳಗೆ ಕರೆದುಕೊಂಡು ಹೋಗಿ ಒಂದು ತಾಸಾಯಿತು. ರುಮಾಲು ಇರ್ಫಾನಾಳ ಕೈಯಲ್ಲೇ ಹೋಯಿತು. ಬಾಗಿಲಲ್ಲಿ ನನ್ನ ಒಂದೇ ಬೆರಳು ಹಿಡಿದು ಬಿಟ್ಟಳು. ಇನ್ನೊಂದೇ ಸುತ್ತು.

ಬೀಗತಿ ಬಾಗಿಲಿಗೆ ಕಿವಿ ಹಚ್ಚಿದ್ದಾಳೆ. ನನ್ನ ಕಡೆ ಕೈ ಎತ್ತಿದಳು — ಪೆನ್ನಿನ ಸಪ್ಪಳವೂ ಬೇಡವಂತೆ. ಒಳಗಿನಿಂದ ಏನೋ ಸಣ್ಣ ಅಳು—